ಕೊಕ್ಕರೆಬೆಳ್ಳೂರಿನ ಹುಣಸೆ ಸಸಿಗಳು: ಎರಡನೇ ಬೇಸಿಗೆ

ಮೇ ಕೊನೆ ವಾರ, ಹಕ್ಕಿಗಳು ಊರು ಬಿಡುವ ಹೊತ್ತು. ಶನಿವಾರ ಮದ್ದೂರಿನಿಂದ ಕೊಕ್ಕರೆಬೆಳ್ಳೂರಿಗೆ ಹೋಗಿ, ಮುಂದೆ ಹಕ್ಕಿಗಳ ಗೂಡಿಗಾಗಲಿ ಎಂದು ನೆಟ್ಟ ಹುಣಸೆ ಸಸಿಗಳನ್ನೆಲ್ಲ ನೋಡಿ ಬಂದೆವು. ಈ ಸಲ ನೆಟ್ಟ 26ರಲ್ಲಿ 21 ಚಿಗುರಿವೆ. ನನಗಂತೂ ತುಂಬಾ ಖುಷಿ.

ಮೊದಲ ವರ್ಷ ಹೀಗಿರಲಿಲ್ಲ. ರಸ್ತೆ ಬದಿಯಲ್ಲಿ 40 ಸಸಿ ನೆಟ್ಟಿದ್ದೆವು, ಉಳಿದದ್ದು 6. ಕೆಲವನ್ನು ಮೇಕೆ ತಿಂದವು, ಮಿಕ್ಕವು ನೀರಿಲ್ಲದೆ ಒಣಗಿದವು. ಊರಿನವರನ್ನು ಒಂದು ಮಾತೂ ಕೇಳದೆ ನೆಟ್ಟಿದ್ದೆವು. ತಪ್ಪಾಗಿದ್ದು ಅಲ್ಲೇ.

ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ, ಬೀದಿಯ ಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆಯೇ ಜಾಸ್ತಿ, ಜೊತೆಗೆ ಆಲ, ಅರಳಿ. ಹುಣಸೆಹಣ್ಣು ಬಡಿಯುವ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುತ್ತವೆ. ಮರ ಬಡಿದರೆ ಮರಿ ಕೆಳಗೆ ಬೀಳುತ್ತದೆ. ಹಾಗಾಗಿ ಮನೆಯವರು ಹಣ್ಣಿನ ಆಸೆಯನ್ನೇ ಬಿಡುತ್ತಾರೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ನಿಜ. ಆದರೆ ಹಿಕ್ಕೆಯ ವಾಸನೆ, ಅಂಗಳಕ್ಕೆ ಬೀಳುವ ಮೀನಿನ ಚೂರು, ಇದನ್ನೆಲ್ಲ ತಿಂಗಳುಗಟ್ಟಲೆ ಸಹಿಸುವುದಕ್ಕೆ ಬೆಲೆ ಕಟ್ಟೋದು ಹೇಗೆ? ಊರು ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರೂ ಸೇರಿ ಕಾಯುವ ರಕ್ಷಿತ ಜಾಗ, ಆಗಿದ್ದು 2007ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡವರು ಇವರು.

ಅದಕ್ಕೇ ಈ ಸಲ ಮನೆಮನೆಗೆ ಹೋಗಿ ಕೇಳಿದೆವು. ಒಬ್ಬರು ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೋಲಿನಿಂದ ನೆಲ ಗೀಚಿ ತೋರಿಸಿದರು. "ಬಚ್ಚಲು ನೀರು ಹರಿಯೋ ಕಡೆ ನೆಡಪ್ಪ. ಒಣಗಕ್ಕೆ ನಾನು ಬುಡಾಕಿಲ್ಲ." ನಾವು ಗುರುತು ಮಾಡಿಕೊಂಡಿದ್ದ ಜಾಗ ಕರೆಂಟ್ ತಂತಿಯ ಕೆಳಗಿತ್ತು. ಮರ ದೊಡ್ಡದಾದ ಮೇಲೆ ಕೊಂಬೆ ಕಡಿಯಲೇಬೇಕಾಗುತ್ತಿತ್ತು. ಅಜ್ಜಿಯೇ ಒಂದು ಮಂಕರಿ ಗೊಬ್ಬರ ತಂದು ಬುಡಕ್ಕೆ ಸುರಿದರು. ಗೂಡಿರುವ ಮರದ ಕೆಳಗೆ ಗುಂಡಿ ತೆಗೆದು, ಕೆರೆಗೋಡು (ಕೆರೆಯ ಹೂಳು) ತುಂಬಿ, ಮೇಲಿನಿಂದ ಹಿಕ್ಕೆ ಬಿದ್ದು ಬೆರೆತ ಗೊಬ್ಬರ ಅದು. ಇವತ್ತು ಆ ಸಸಿ ನನ್ನ ಸೊಂಟದವರೆಗೆ ಬಂದಿದೆ. ಸುತ್ತ ಜಾಲಿ ಮುಳ್ಳು ಕಟ್ಟಿದ್ದಾರೆ.

ಒಣಗಿದ 5ರಲ್ಲಿ 3 ಒಂದೇ ಬೀದಿಯವು. ಅಲ್ಲಿ ಏಪ್ರಿಲ್‌ನಲ್ಲಿ ನಲ್ಲಿ ನೀರು ಸರಿಯಾಗಿ ಬರಲಿಲ್ಲ. ಕುಡಿಯುವ ನೀರಿಗೇ ಕಷ್ಟವಿದ್ದಾಗ ಸಸಿಗೆ ಹಾಕಿ ಅನ್ನೋಕಾಗುತ್ತಾ? ಮಳೆ ಹಿಡಿದ ಕೂಡಲೇ ಆ ಮನೆಗಳಿಗೆ ಮತ್ತೆ ಸಸಿ ಒಯ್ಯುತ್ತೇವೆ. ಗೂಡು ತಾಳುವಷ್ಟು ಹುಣಸೆ ಬೆಳೆಯಲು ಹತ್ತಾರು ವರ್ಷ ಬೇಕು, ಅಲ್ವಾ. ಅಲ್ಲಿಯವರೆಗೆ ಹಳೇ ಮರಗಳೂ ನಿಲ್ಲಬೇಕು.

ಅಜ್ಜಿ ಇನ್ನೊಂದು ಸಸಿ ಕೇಳಿದ್ದಾರೆ, ಪಕ್ಕದ ಬೀದಿಯಲ್ಲಿರುವ ಮಗಳ ಹಿತ್ತಲಿಗೆ.