ಬ್ಲಾಸ್ಟಿಂಗ್ ಹೆಲ್ಮೆಟ್ ಕೊಳ್ಳುವ ಮೊದಲು ಕಂಪ್ರೆಸರ್ ನೋಡಿ

ಒತ್ತಡದ ಗಾಳಿಯಲ್ಲಿ ಗ್ರಿಟ್ (ಒರಟು ಕಣ) ಚಿಮ್ಮಿಸಿ ಲೋಹದ ತುಕ್ಕು, ಬಣ್ಣ ಕೆರೆಯುವ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಯಾವ ಮಾಸ್ಕ್ ತರಬೇಕು ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಎನ್95, ಇಲ್ಲವೇ ಎರಡು ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್. ನಾಝಲ್ ಹಿಡಿಯುವವನಿಗೆ ಇವೆರಡೂ ಸಾಲವು. ಯಾಕೆಂದು ಲೆಕ್ಕ ಹಾಕಿಯೇ ನೋಡಬಹುದು.

ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ಓಷಾ 2016ರಲ್ಲಿ ಗೊತ್ತುಪಡಿಸಿದ ಮಿತಿ ಪ್ರಕಾರ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಸಿಲಿಕಾ (ಮರಳಿನ ಮುಖ್ಯ ಖನಿಜ, ಶ್ವಾಸಕೋಶ ಕೆಡಿಸುತ್ತದೆ) ಧೂಳು ಮೀರಬಾರದು. ದುಡಿಯುವ ಮನುಷ್ಯ ಒಂದು ಶಿಫ್ಟಿನಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಂದರೆ ಇಡೀ ದಿನಕ್ಕೆ ಅರ್ಧ ಮಿಲಿಗ್ರಾಂ. ಚಿಟಿಕೆ ಉಪ್ಪಿನ ತೂಕ ಇದರ ನೂರಾರು ಪಟ್ಟು. ಅರ್ಧ ಮುಖ ಮುಚ್ಚುವ ಮಾಸ್ಕ್ ಸರಿಯಾಗಿ ಕೂತರೂ ಅದರ ರಕ್ಷಣಾ ಅಂಶ 10 ಮಾತ್ರ, ಅಂದರೆ ಹೊರಗಿನ ಧೂಳು ಮಿತಿಯ ಹತ್ತು ಪಟ್ಟಿನೊಳಗೆ ಇದ್ದರಷ್ಟೇ ಸಾಕಾಗುತ್ತದೆ. ಪೂರ್ತಿ ಮುಖದ ಫಿಲ್ಟರ್ ಮಾಸ್ಕಿಗೆ 50. ಬ್ಲಾಸ್ಟಿಂಗ್ ನಡೆಯುವಾಗ ನಾಝಲ್ ಸುತ್ತ ಏಳುವ ಮೋಡ ಇವನ್ನೆಲ್ಲ ಸುಲಭವಾಗಿ ದಾಟುತ್ತದೆ. ಮೇಲಾಗಿ ಸಿಡಿದು ವಾಪಸು ಬರುವ ಗ್ರಿಟ್ ಫಿಲ್ಟರನ್ನೂ ಕನ್ನಡಕವನ್ನೂ ತಿಂದುಹಾಕುತ್ತದೆ. ಹಾಗಾಗಿ ಬೇಕಾದದ್ದು ಹೊರಗಿನ ಶುದ್ಧ ಗಾಳಿಯನ್ನು ಹೋಸ್ ಮೂಲಕ ತಂದುಕೊಡುವ, ತಲೆ, ಕುತ್ತಿಗೆ, ಭುಜ ಮುಚ್ಚುವ ಬ್ಲಾಸ್ಟಿಂಗ್ ಹೆಲ್ಮೆಟ್.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಸಡಿಲವಾಗಿ ಕೂರುವ ಹೆಲ್ಮೆಟ್‌ಗೆ ಓಷಾ ಕೊಡುವ ಅಂಶ 25. ತಯಾರಕರು ಪರೀಕ್ಷೆ ಮಾಡಿ ಪುರಾವೆ ತೋರಿಸಿದ ಮಾದರಿಗೆ ಮಾತ್ರ 1000. ನೋಡಲು ಎರಡೂ ಒಂದೇ ತರಹ. ಡೀಲರ್ ಹತ್ತಿರ ಆ ಪರೀಕ್ಷೆಯ ಕಾಗದವನ್ನು ಕೇಳಿ, ಕೊಡದಿದ್ದರೆ 25 ಎಂದೇ ಲೆಕ್ಕ ಹಿಡಿಯಿರಿ.

ಮರಳಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ: ಹೊಳೆ ಮರಳನ್ನು ಗ್ರಿಟ್ ತುಂಬುವ ಪಾಟ್‌ಗೆ ಹಾಕಲೇಬೇಡಿ. ಬ್ರಿಟನ್ 1949ರಲ್ಲೇ ಅದನ್ನು ನಿಷೇಧಿಸಿದೆ. ನಮ್ಮ ಹಳೆಯ 1948ರ ಕಾರ್ಖಾನೆ ಕಾಯ್ದೆಯಡಿ ಬಂದ ಮಾದರಿ ನಿಯಮಗಳಲ್ಲೂ ಮುಕ್ತ ಸಿಲಿಕಾ ಇರುವ ವಸ್ತುವನ್ನು ಬ್ಲಾಸ್ಟಿಂಗ್‌ಗೆ ಬಳಸಬಾರದು ಎಂದೇ ಇದೆ. ಸ್ಟೀಲ್ ಗ್ರಿಟ್, ಗಾರ್ನೆಟ್ ಬಳಸಿ. ಆದರೆ ಅದಕ್ಕೆ ಹೋದ ಮಾತ್ರಕ್ಕೆ ಹೆಲ್ಮೆಟ್ ಬೇಡ ಎಂದಾಗುವುದಿಲ್ಲ. ಬೆಳಗಾವಿಯಂಥ ಊರಿನ ಫೌಂಡ್ರಿಗಳಲ್ಲಿ ಎರಕಕ್ಕೆ ಅಂಟಿ ಸುಟ್ಟ ಮರಳೇ ಪುಡಿಯಾಗಿ ಏಳುತ್ತದೆ. ಹಳೆಯ ಸೇತುವೆ, ಟ್ಯಾಂಕ್‌ಗಳ ಬಣ್ಣದಲ್ಲಿ ಸೀಸ ಇರಬಹುದು. ಬ್ಲಾಸ್ಟಿಂಗ್‌ಗೆ ಬಳಸುವ ತಾಮ್ರದ ಸ್ಲ್ಯಾಗ್ (ಕಿಟ್ಟ)‌ನಲ್ಲಿ ಆರ್ಸೆನಿಕ್, ಬೆರಿಲಿಯಂನಂಥ ಲೋಹಗಳ ಅಂಶ ಇರಬಹುದು.

ಈಗ ಗಾಳಿಯ ವಿಷಯ. ಜನ ಹೆಲ್ಮೆಟ್‌ಗೆ ದುಡ್ಡು ಸುರಿದು ಇಲ್ಲಿ ಎಡವುತ್ತಾರೆ. ನಾಝಲ್‌ಗೆ ಹೋಗುವ ಗಾಳಿಯನ್ನೇ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಹೆಲ್ಮೆಟ್‌ಗೂ ಕೊಟ್ಟುಬಿಡುವುದು ಎಲ್ಲೆಡೆ ಕಾಣುವ ಪದ್ಧತಿ. ಆ ಗಾಳಿಯಲ್ಲಿ ಎಣ್ಣೆಯ ಮಂಜು ಇರುತ್ತದೆ, ನೀರು ಇರುತ್ತದೆ. ಕಂಪ್ರೆಸರ್ ಮಿತಿಮೀರಿ ಕಾದರೆ ಎಣ್ಣೆ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಡೀಸೆಲ್ ಕಂಪ್ರೆಸರ್ ಆದರೆ, ಗಾಳಿ ತಿರುಗಿದಾಗ ತನ್ನ ಹೊಗೆಯನ್ನು ತಾನೇ ಎಳೆದುಕೊಳ್ಳುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆನೋವು ಬಂದರೆ ಬಿಸಿಲಿಗೆ ಎಂದುಕೊಂಡು ಕೆಲಸ ಮುಂದುವರಿಸುತ್ತಾರೆ.

ಉಸಿರಾಟಕ್ಕೆ ಬಳಸುವ, ಗ್ರೇಡ್ ಡಿ ಎಂಬ ದರ್ಜೆಯ ಗಾಳಿಯಲ್ಲಿ ಆಮ್ಲಜನಕ ಶೇ. 19.5ರಿಂದ 23.5, ಕಾರ್ಬನ್ ಮೊನಾಕ್ಸೈಡ್ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಒಳಗೆ, ಕಾರ್ಬನ್ ಡೈಆಕ್ಸೈಡ್ 1000 ಪಿಪಿಎಂ ಒಳಗೆ, ಎಣ್ಣೆ ಘನ ಮೀಟರ್‌ಗೆ 5 ಮಿಲಿಗ್ರಾಂ ಒಳಗೆ ಇರಬೇಕು. ಇದಕ್ಕಾಗಿ ಪಾಟ್‌ಗಿಂತ ಮೊದಲೇ ಬೇರೆ ಲೈನ್ ತೆಗೆದು, ನೀರು ಬೇರ್ಪಡಿಸುವ ಫಿಲ್ಟರ್, ಎಣ್ಣೆ ಮಂಜು ಹಿಡಿಯುವ ಫಿಲ್ಟರ್, ಇದ್ದಿಲ ಫಿಲ್ಟರ್, ಆಮೇಲೆ ರೆಗ್ಯುಲೇಟರ್ ಹಾಕಬೇಕು. ಇದ್ದಿಲು ವಾಸನೆ ಮತ್ತು ಎಣ್ಣೆ ಆವಿಯನ್ನು ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಫಿಲ್ಟರ್ ಪ್ಯಾನೆಲ್ ಇದೆ ಎಂದು ನೆಮ್ಮದಿಯಾಗಿ ಇರುವವರಲ್ಲಿ ಬಹುತೇಕರಿಗೆ ಇದೊಂದು ಗೊತ್ತಿರುವುದಿಲ್ಲ. ಎಣ್ಣೆ ಹಾಕುವ ಕಂಪ್ರೆಸರ್ ಆದರೆ 10 ಪಿಪಿಎಂಗೆ ಕೂಗುವ ಅಲಾರಂ ಬೇಕೇ ಬೇಕು, ಅದು ಬ್ಲಾಸ್ಟರ್‌ಗೆ ಕೇಳುವ ಅಥವಾ ಅವನನ್ನು ಕೂಡಲೇ ನಿಲ್ಲಿಸಬಲ್ಲ ಸಹಾಯಕನಿಗೆ ಕಾಣುವ ಜಾಗದಲ್ಲಿರಬೇಕು. ಒಬ್ಬರೋ ಇಬ್ಬರೋ ಕೆಲಸ ಮಾಡುವ ಶೆಡ್ಡಾದರೆ ಎಣ್ಣೆ ಇಲ್ಲದ ಸಣ್ಣ ಎಲೆಕ್ಟ್ರಿಕ್ ಏರ್ ಪಂಪ್ ವಾಸಿ. ಅದನ್ನು ಧೂಳು, ವಾಹನದ ಹೊಗೆ ಎರಡೂ ಬಾರದ ಕಡೆ ಇಡಿ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಹೆಲ್ಮೆಟ್ ತನ್ನಿ. ಹೆಚ್ಚು ಒತ್ತಡದ ಹೆಲ್ಮೆಟ್ ಆ ಪಂಪಿಗೆ ಹೊಂದುವುದಿಲ್ಲ.

ಹೆಲ್ಮೆಟ್ ಒಳಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್, ಹೆಚ್ಚೆಂದರೆ 425 ಲೀಟರ್ ಗಾಳಿ ಹರಿಯಬೇಕು. ಕಡಿಮೆಯಾದರೆ ಜೋರಾಗಿ ಉಸಿರೆಳೆದಾಗ ಕಾಲರ್ ಸಂದಿನಿಂದ ಧೂಳು ಒಳಗೆ ಬರುತ್ತದೆ. ಎಷ್ಟು ಒತ್ತಡ ಇಡಬೇಕು ಎಂಬುದು ಹೋಸ್ ಉದ್ದದ ಮೇಲೆ ನಿಂತಿದೆ. ತಯಾರಕರ ಕೈಪಿಡಿಯಲ್ಲಿ ಅದರ ಪಟ್ಟಿ ಇರುತ್ತದೆ, ಹೋಸ್ ಒಂದು ತುಂಡು ಜೋಡಿಸಿದಾಗಲೆಲ್ಲ ಪಟ್ಟಿ ನೋಡಿ ಗೇಜ್ ಮತ್ತೆ ಹೊಂದಿಸಿ. ಒಟ್ಟು ಉದ್ದ 300 ಅಡಿ ದಾಟಬಾರದು. 9.5 ಮಿ.ಮೀ. ನಾಝಲ್ 100 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 200 ಘನ ಅಡಿ (ಸಿಎಫ್‌ಎಂ) ಗಾಳಿ ನುಂಗುತ್ತದೆ. ಕಂಪ್ರೆಸರ್ ಅದಕ್ಕಷ್ಟೇ ಸಾಲುವಂತಿದ್ದರೆ, ಟ್ರಿಗರ್ ಒತ್ತಿದ ಕ್ಷಣ, ಅಂದರೆ ಧೂಳು ಏಳುವ ಕ್ಷಣವೇ, ಹೆಲ್ಮೆಟ್ ಗಾಳಿ ಕುಸಿಯುತ್ತದೆ. ಹರಿವನ್ನು ನಾಝಲ್ ಓಡುತ್ತಿರುವಾಗ ಅಳೆಯಿರಿ.

ಹೋಸ್, ವಾಲ್ವ್, ಕಪ್ಲಿಂಗ್, ಹೆಲ್ಮೆಟ್ ಎಲ್ಲಕ್ಕೂ ಒಟ್ಟಿಗೇ ಮಾನ್ಯತೆ ಸಿಕ್ಕಿರುತ್ತದೆ. ಹೋಸ್ ಹರಿದಾಗ ವೆಲ್ಡಿಂಗ್ ಹೋಸ್ ಜೋಡಿಸಿದರೆ ಆ ಮಾನ್ಯತೆ ಅಲ್ಲಿಗೇ ಮುಗಿಯಿತು. ಉಸಿರಾಟದ ಲೈನಿನ ಕಪ್ಲಿಂಗ್ ಬೇರೆ ಗ್ಯಾಸ್ ಲೈನಿಗೆ ಕೂರದ ತರಹದ್ದೇ ಆಗಿರಬೇಕು. ಆರ್ಗಾನ್ ಲೈನಿಗೆ ತಪ್ಪಿ ಸಿಕ್ಕಿಸಿದರೆ ಎರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು.

ಬಿಸಿಲುಕಾಲದಲ್ಲಿ ಹೆಲ್ಮೆಟ್ ಒಳಗೆ ಕುದಿಯುತ್ತದೆ, ಗ್ಲಾಸ್ ಗ್ರಿಟ್ ಬಡಿದು ಮಂಜಾಗುತ್ತದೆ. ಆಗ ಒಂದು ನಿಮಿಷ ಎತ್ತಿ ನೋಡೋಣ ಎನ್ನುತ್ತಾರೆ, ಆ ನಿಮಿಷಗಳೇ ಸೇರಿ ಶ್ವಾಸಕೋಶ ಹಾಳಾಗುತ್ತದೆ. ಗಾಳಿ ತಣಿಸುವ ವೋರ್ಟೆಕ್ಸ್ ಟ್ಯೂಬ್ ಸಿಗುತ್ತದೆ, ಆದರೆ ಅದು ಹೆಚ್ಚು ಗಾಳಿ ಕುಡಿಯುವುದರಿಂದ ಕಂಪ್ರೆಸರ್ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಿತ್ತೆಸೆಯುವ ತೆಳು ಲೆನ್ಸ್‌ಗಳನ್ನು ಡಜನ್ ಲೆಕ್ಕದಲ್ಲಿ ಕೈಗೆ ಸಿಗುವಂತೆ ಇಡಿ.

ಪಾಟ್ ನೋಡಿಕೊಳ್ಳುವ ಹೆಲ್ಪರ್‌ಗೆ ಕರವಸ್ತ್ರ ಕಟ್ಟಿ ನಿಲ್ಲಿಸುವುದನ್ನು ಬಿಡಿ. ಮೋಡದೊಳಗೆ ಬರುವವನಾದರೆ ಅವನಿಗೂ ಗಾಳಿ ಹೆಲ್ಮೆಟ್ಟೇ ಬೇಕು. ಹೊರಗಿದ್ದು ಗ್ರಿಟ್ ತುಂಬುವವನಿಗೆ, ಆಮೇಲೆ ಗುಡಿಸುವವನಿಗೆ ಸಣ್ಣ ಧೂಳನ್ನೂ ಹಿಡಿಯುವ ಪಿ100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಕೊಡಿ. ಗಡ್ಡ ಇದ್ದರೆ ಅದು ಮುಖಕ್ಕೆ ಕೂರುವುದಿಲ್ಲ. ಗುಡಿಸುವ ಬದಲು ವ್ಯಾಕ್ಯೂಮ್ ಬಳಸಿದರೆ ಇನ್ನೂ ಒಳ್ಳೆಯದು.

ಹಾಕುವಾಗ ಮೊದಲು ಗಾಳಿ ಬಿಟ್ಟು ಆಮೇಲೆ ಹೆಲ್ಮೆಟ್ ತೊಡಿ. ನಾಝಲ್ ನಿಲ್ಲಿಸಿದ ಮೇಲೂ ಸಣ್ಣ ಧೂಳು ಬಹಳ ಹೊತ್ತು ತೇಲುತ್ತಿರುತ್ತದೆ, ಹೊರಗೆ ಬಂದು ಭುಜ ಮುಚ್ಚುವ ಕೇಪ್ ಮೇಲಿನ ಧೂಳನ್ನು ವ್ಯಾಕ್ಯೂಮ್‌ನಿಂದ ತೆಗೆದ ಮೇಲೆಯೇ ಹೆಲ್ಮೆಟ್ ಬಿಚ್ಚಿ, ಗಾಳಿ ಕೊನೆಗೆ ನಿಲ್ಲಿಸಿ. ಏರ್ ಗನ್‌ನಿಂದ ಬಟ್ಟೆಗೆ ಊದಬೇಡಿ. ಹೆಲ್ಮೆಟನ್ನು ಒಳಗೆ ಒರೆಸಿ, ಬಾಯಿ ಕಟ್ಟಿದ ಚೀಲದಲ್ಲಿಡಿ. ಶೆಡ್‌ನ ಮೊಳೆಗೆ ತೂಗುಹಾಕಿದರೆ, ಮರುದಿನ ಗಾಳಿ ಬಿಟ್ಟೊಡನೆ ಒಳಗೆ ಕೂತ ಧೂಳೆಲ್ಲ ನೇರ ಮೂಗಿಗೇ ಬರುತ್ತದೆ.