ಕೊಪ್ಪಳದ ಸಕ್ಕರೆ ಆನೆ

ಕೊಪ್ಪಳಕ್ಕೆ ಹೋಗಿದ್ದು ಇಟಗಿಯ ಗುಡಿ ನೋಡಲು. ಆದರೆ ಊರಿಗೆ ಬಂದ ಮೇಲೆ ಸಿಕ್ಕವರ ಹತ್ತಿರವೆಲ್ಲ ನಾನು ಮಾತಾಡಿದ್ದು ಒಂದು ಸಕ್ಕರೆ ಆನೆಯ ಬಗ್ಗೆ.

ಮೈಸೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಮಾರನೇ ದಿನ ಬಳ್ಳಾರಿ, ಹೊಸಪೇಟೆ ದಾಟಿ ಕೊಪ್ಪಳ ಬರುತ್ತದೆ. ಇಳಿದು ಒಗ್ಗರಣೆ-ಮಿರ್ಚಿ ತಿಂದು ಕುಕನೂರಿನ ಬಸ್ ಹಿಡಿದೆ, ಅಲ್ಲಿಂದ ಇಟಗಿ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದು. ಅಲ್ಲಿನ ಶಾಸನವೇ ಇದನ್ನು ದೇವಾಲಯ ಚಕ್ರವರ್ತಿ ಅಂತ ಹೊಗಳಿದೆ, ಆ ಕಂಬಗಳ ನುಣುಪು ಮುಟ್ಟಿ ನೋಡಿದರೆ ಹೊಗಳಿದ್ದು ಜಾಸ್ತಿ ಆಯ್ತು ಅಂತ ಅನ್ನಿಸುವುದಿಲ್ಲ. ಅದರ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ. ನಾನು ಸಂಜೆಯ ಬಜಾರಿಗೆ ಬರುತ್ತೇನೆ.

ಜವಾಹರ ರಸ್ತೆಯಲ್ಲಿ ಸುಮ್ನೆ ಅಡ್ಡಾಡುತ್ತಿದ್ದೆ. ತಳ್ಳುಗಾಡಿಗಳ ಮೇಲೆ ಬಿಳಿ, ಗುಲಾಬಿ, ಹಳದಿ ಗೊಂಬೆಗಳನ್ನು ಸಾಲಾಗಿ ಇಟ್ಟಿದ್ದರು. ದೂರದಿಂದ ಪ್ಲಾಸ್ಟಿಕ್ ಆಟಿಕೆ ಅಂದುಕೊಂಡೆ. ಹತ್ತಿರ ಹೋದರೆ ಆನೆ, ನವಿಲು, ತೇರು, ಬಸವಣ್ಣ, ಕಳಸ, ಎಲ್ಲಾ ಸಕ್ಕರೆ!

"ಇದೇನಮ್ಮಾ?" ಅಂದೆ.

"ಸಕ್ಕರಿ ಆರತಿ ರೀ ಅಕ್ಕಾರ. ನಾಳೆ ಗೌರಿ ಹುಣ್ಣಿಮಿ ಐತಲ್ಲ?"

ನಮ್ಮ ಕಡೆ ಗೌರಿ ಅಂದರೆ ಗಣೇಶನ ಹಿಂದಿನ ದಿನ ಬರುವವಳು. ಇಲ್ಲಿ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಬರುವ ಹುಣ್ಣಿಮೆಗೂ ಒಬ್ಬ ಗೌರಿ ಇದ್ದಾಳೆ. ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು, ತಟ್ಟೆಯಲ್ಲಿ ಈ ಗೊಂಬೆಗಳನ್ನಿಟ್ಟು, ದೀಪ ಹಚ್ಚಿ ಅವಳಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗಾದರೆ ಗಂಡಿನ ಮನೆಯವರು ಸೀರೆ ಜೊತೆ ಸಕ್ಕರೆ ಆರತಿ ತಂದು ಕೊಡುತ್ತಾರಂತೆ. ಪಕ್ಕದಲ್ಲಿ ಕೆಜಿಗಟ್ಟಲೆ ತೂಗಿಸುತ್ತಿದ್ದ ಒಬ್ಬರು ಇದೇ ಕೆಲಸಕ್ಕೆ ಬಂದಿದ್ದರು, ತೇರು ಎಲ್ಲೂ ಮುಕ್ಕಾಗಿರಬಾರದು ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬೀಗರ ಮನೆ ವಿಷಯ, ಅಲ್ವಾ?

ಗಾಡಿಯಮ್ಮ ಒಂದು ಅಚ್ಚು ತೋರಿಸಿದರು. ಎರಡು ಹೋಳಿನ ಮರದ ತುಂಡು, ಒಳಗೆ ಅರ್ಧರ್ಧ ಆನೆ. ಮೊದಲು ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಸಕ್ಕರೆ ಮರ ಬಿಡುವುದಿಲ್ಲ. ಪಾಕ ಕುದಿಯುವಾಗ ಒಂಚೂರು ಹಾಲು ಹಾಕಿದರೆ ಕೊಳೆಯೆಲ್ಲ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡುತ್ತಾರೆ. ಆಮೇಲೆ ಪಾಕವನ್ನು ಪಾತ್ರೆಯ ಬದಿಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ದಾರದಲ್ಲಿ ಬಿಗಿದು ಕಟ್ಟಿದ ಅಚ್ಚಿಗೆ ಸುರಿಯುತ್ತಾರೆ. ಸ್ವಲ್ಪ ಹೊತ್ತಿಗೇ ಗಟ್ಟಿ. ಗುಟ್ಟು ಆ ತಿಕ್ಕುವುದರಲ್ಲೇ ಇದೆ. ಸಕ್ಕರೆ ಸಣ್ಣ ಸಣ್ಣ ಹರಳಾಗಿ ಕೂರುತ್ತದೆ, ಅದಕ್ಕೇ ಇದು ಪೆಪ್ಪರ್‌ಮೆಂಟಿನ ಹಾಗೆ ಗಾಜಿನಂತೆ ಇರುವುದಿಲ್ಲ.

ಕಾಲು ಕೆಜಿ ಕಟ್ಟಿಸಿಕೊಂಡು ಅಲ್ಲೇ ನಿಂತು ಒಂದು ಆನೆಯ ಸೊಂಡಿಲು ಮುರಿದು ಬಾಯಿಗೆ ಹಾಕಿದೆ. ಕಟಕ್ ಅಂತು. ಆಮೇಲೆ ನಾಲಿಗೆ ಮೇಲೆ ಪುಡಿಪುಡಿಯಾಗಿ, ತಣ್ಣಗೆ ಕರಗಿಹೋಯಿತು. ದವಡೆಯಲ್ಲಿಟ್ಟು ಚೀಪುತ್ತಾ ಕೂರುವ ಕೆಲಸವೇ ಇಲ್ಲ. ಬರೀ ಸಕ್ಕರೆ ತಾನೇ ಅಂತ ನಗಬೇಡಿ, ನಾನೂ ಹಾಗೇ ಅಂದುಕೊಂಡೇ ಎರಡನೇ ಆನೆಗೆ ಕೈ ಹಾಕಿದ್ದು.

"ಹಬ್ಬ ಆದ ಮ್ಯಾಲೆ ಉಳಿದದ್ದು ಏನ್ ಮಾಡ್ತೀರಿ?"

"ಉಳಿದ್ರ ಚಾಕ್ಕ ಹಾಕ್ತೀವ್ರಿ. ಹುಡುಗ್ರು ಎಲ್ಲಿ ಉಳಸ್ತಾವ!"

ಅವರ ಹಾಗೆ ಮಾತಾಡಲು ಹೋದ ನನ್ನನ್ನು ನೋಡಿ ಅವರು ನಕ್ಕಿದ್ದು ಬೇರೆ ವಿಷಯ.

ರಾತ್ರಿ ರೈಲಿನಲ್ಲಿ ಪೊಟ್ಟಣವನ್ನು ಬಟ್ಟೆ ಮಧ್ಯೆ ಇಟ್ಟು ಜೋಪಾನ ಮಾಡಿದ್ದೆ. ಆದರೂ ಮೈಸೂರು ಬರುವಷ್ಟರಲ್ಲಿ ನವಿಲಿನ ಕತ್ತು ಹೋಗಿತ್ತು, ಬಸವಣ್ಣನಿಗೆ ಕೊಂಬಿರಲಿಲ್ಲ. ಮುರಿದದ್ದನ್ನೆಲ್ಲ ಬೆಂಗಳೂರು ದಾಟುವ ಮೊದಲೇ ತಿಂದು ಮುಗಿಸಿದ್ದೆ. ಉಳಿದ ಒಂದೇ ಒಂದು ತೇರನ್ನು ಅಮ್ಮನ ಕೈಗಿಟ್ಟೆ.

ಅಮ್ಮ ಅದನ್ನು ತಿರುಗಿಸಿ ನೋಡಿ, "ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿದೆ, ಈಗಲೇ ಸಕ್ಕರೆ ಅಚ್ಚು ಯಾಕೆ ತಂದೆ?" ಅಂದರು.