ಚೌಕ ಕಣ್ಣಿನ ಚೀಲ: ಹೊಲಿಯುವುದು ಹೇಗೆ, ಕೆಡುವುದು ಎಲ್ಲಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಈ 61 ದಿನ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬಲೆ ರಿಪೇರಿಯದೇ ಕೆಲಸ. ಬೋಟ್ ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಹಿಂತುದಿಯ ಚೀಲಕ್ಕೆ, ಅಂದರೆ ಇಲಾಖೆಯ ಕಾಗದದಲ್ಲಿ ‘ಕಾಡ್ ಎಂಡ್’ ಅನ್ನಿಸಿಕೊಳ್ಳುವ ಭಾಗಕ್ಕೆ, 35 ಮಿ.ಮೀ. ಚೌಕ ಕಣ್ಣಿನ ಬಲೆ ಹಾಕಬೇಕೆಂಬ ನಿಯಮವನ್ನು ಪಾಲಿಸುವುದಿದ್ದರೆ ಕೈ ಹಾಕಬೇಕಾದ ಹೊತ್ತೂ ಇದೇ. ಆಗಸ್ಟ್‌ನಲ್ಲಿ ಬೋಟ್ ಕಡಲಿಗೆ ಇಳಿದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಕಣ್ಣಿನ ಆಕಾರಕ್ಕೆ ಯಾಕಿಷ್ಟು ಮಹತ್ವ? ಸಾಮಾನ್ಯ ಬಲೆಯ ಕಣ್ಣು ವಜ್ರಾಕಾರದ್ದು. ದಡದಲ್ಲಿ ಹಾಸಿದಾಗ ಅಗಲವಾಗಿ ಕಾಣುತ್ತದೆ. ಬೋಟ್ ಎಳೆಯಲು ಶುರುವಾಗಿ ಚೀಲಕ್ಕೆ ಮೀನಿನ ಭಾರ ಬಿತ್ತೆಂದರೆ ಅದೇ ಕಣ್ಣು ಉದ್ದಕ್ಕೆ ಜಗ್ಗಿ ಸೀಳಿನಂತೆ ಮುಚ್ಚಿಕೊಳ್ಳುತ್ತದೆ. 35 ಮಿ.ಮೀ. ಅಂದರೆ ಕಣ್ಣನ್ನು ಪೂರ್ತಿ ಎಳೆದು ಹಿಡಿದಾಗಿನ ಉದ್ದ. ನೀರಿನೊಳಗೆ ಅದು ಕಾಲುಭಾಗದಷ್ಟೇ ಬಿಚ್ಚಿಕೊಂಡಿದ್ದರೆ ಅಡ್ಡಗಲ ಸಿಗುವುದು 9 ಮಿ.ಮೀ.ಗೂ ಕಡಿಮೆ. ಅದರಲ್ಲಿ ಬೆರಳುದ್ದದ ಬಂಗುಡೆ ಮರಿಯೂ ನುಸುಳಲಾರದು. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಹೊಲಿದರೆ ಎಳೆತವೆಲ್ಲ ಉದ್ದದ ಎಳೆಗಳ ಮೇಲೆ ಹೋಗುತ್ತದೆ, ಅಡ್ಡದ ಎಳೆಗಳು ಸಡಿಲವಾಗಿಯೇ ಉಳಿಯುತ್ತವೆ. ಎಷ್ಟೇ ಭಾರ ಬಿದ್ದರೂ 17.5 ಮಿ.ಮೀ. (35ರ ಅರ್ಧ) ಬದಿಯ ಚೌಕ ತೆರೆದೇ ಇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಷ್ಟು ವರ್ಷ ಹೇಳುತ್ತ ಬಂದಿರುವುದರ ತಿರುಳು ಇದೇ. ಬಲೆ ಬೇರೆಯಲ್ಲ, ಕೂರಿಸುವ ದಿಕ್ಕು ಬೇರೆ.

ಹೊಲಿಗೆಯ ಲೆಕ್ಕಕ್ಕೆ ಬರೋಣ. ಚೀಲವನ್ನು ಜೋಡಿಸುವ ಮುಂಭಾಗದ ಬಲೆಯ ಸುತ್ತಳತೆ 200 ವಜ್ರದ ಕಣ್ಣು, ಚೀಲದ ಉದ್ದ 4 ಮೀಟರ್ ಎಂದಿಟ್ಟುಕೊಳ್ಳಿ. ಎರಡು ವಜ್ರದ ಕಣ್ಣಿಗೆ ಒಂದು ಚೌಕ ಎಂದು ಹಿಡಿದರೆ ಸುತ್ತಳತೆಗೆ 100 ಚೌಕ ಬೇಕು, ಅಂದರೆ 1.75 ಮೀಟರ್. ಉದ್ದಕ್ಕೆ 4000 ಮಿ.ಮೀ.ಯನ್ನು 17.5ರಿಂದ ಭಾಗಿಸಿದರೆ ಸುಮಾರು 229 ಚೌಕ. 50 ಚೌಕ ಅಗಲದ ಎರಡು ಪಟ್ಟಿ ಕತ್ತರಿಸಿ ಬದಿಗಳನ್ನು ಜೋಡಿಸುವುದು ಸುಲಭ. ಕತ್ತರಿ ನೇರ ಹೋಗಬಾರದು. ಎಳೆಯ ಓರೆಯನ್ನೇ ಹಿಡಿದು, ಪ್ರತಿ ಗಂಟಿನ ಬಳಿ ಒಂದೇ ಎಳೆ ತುಂಡರಿಸುತ್ತ ಹೋಗಬೇಕು. ಮೂಲೆಗಳಲ್ಲಿ ತ್ರಿಕೋನದ ತುಂಡುಗಳು ಉಳಿದು ಬಲೆ ಒಂದಿಷ್ಟು ದಂಡವಾಗುತ್ತದೆ, ಖರೀದಿಸುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡೂ ಬದಿಯ ಹೊಲಿಗೆಗೆ ಹಗ್ಗ ಕೊಡಬೇಕು. ಹಗ್ಗ ಚೀಲಕ್ಕಿಂತ ಒಂದು ಗೇಣು ಗಿಡ್ಡವಿರಲಿ, ಆಗ ಭಾರವನ್ನು ಹಗ್ಗ ಹೊರುತ್ತದೆ, ಎಳೆಯಲ್ಲ.

ಎರಡಕ್ಕೊಂದು ಅನುಪಾತವನ್ನು ಅಂದಾಜಿನಲ್ಲಿ ಬಿಟ್ಟರೆ ಜೋಡಣೆಯ ಸಾಲಿನಲ್ಲಿ ನೆರಿಗೆ ಬೀಳುತ್ತದೆ, ಮೀನು ನೆರಿಗೆಯಲ್ಲಿ ಸಿಕ್ಕಿ ಜಜ್ಜಿ ಹೋಗುತ್ತದೆ. ‘ಚೌಕ ಹಾಕಿದ ಮೇಲೆ ಮೀನಿನ ಕ್ವಾಲಿಟಿ ಹೋಯಿತು’ ಎಂಬ ದೂರಿಗೆ ಹಲವು ಸಲ ಕಾರಣ ಚೌಕವಲ್ಲ, ಈ ಜೋಡಣೆ.

ಇನ್ನೊಂದು ತೊಂದರೆ ಗಂಟಿನದು. ಮಾಮೂಲಿ ಗಂಟನ್ನು ವಜ್ರದ ದಿಕ್ಕಿನ ಎಳೆತಕ್ಕಾಗಿ ಹಾಕಿರುತ್ತಾರೆ. ದಿಕ್ಕು ಬದಲಾದರೆ ಅದು ಎಳೆಯ ಮೇಲೆ ಜಾರಿ, ಒಂದು ಕಣ್ಣು ದೊಡ್ಡದಾಗಿ ಪಕ್ಕದ್ದು ಕಿರಿದಾಗುತ್ತದೆ. ಗಂಟಿಲ್ಲದ ಬಲೆ ಸಿಕ್ಕಿದರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಇಮ್ಮಡಿ ಗಂಟಿನದು. ನೂಲು ತೀರಾ ದಪ್ಪವೂ ಬೇಡ. 2 ಮಿ.ಮೀ. ನೂಲಿನಲ್ಲಿ 17.5ರ ಚೌಕದ ಒಳಗಿಂಡಿ 15.5ಕ್ಕೆ ಇಳಿಯುತ್ತದೆ, ಜೋಡಿ ನೂಲಾದರೆ ಇನ್ನೂ ಕಡಿಮೆ. ಗಟ್ಟಿ ಬರಲೆಂದು ಜೋಡಿ ನೂಲು ಹಾಕಿಸುವವರು ಕಾಗದದ ಮೇಲೆ ಮಾತ್ರ 35 ಮಿ.ಮೀ. ಪಾಲಿಸಿದಂತಾಗುತ್ತದೆ.

ಒಳಗೊಂದು ಸಣ್ಣ ಕಣ್ಣಿನ ಬಲೆ ಹಾಕಿ ಹೊರಗೆ ಚೌಕ ತೋರಿಸುವ ಕಸುಬನ್ನು ನಾನು ಇಲ್ಲಿ ವಿವರಿಸಬೇಕಿಲ್ಲ. ಕಳ್ಳತನವಲ್ಲದೆಯೂ ಅದೇ ಆಗುವುದುಂಟು: ತಳ ಸವೆಯದಿರಲೆಂದು ಕಟ್ಟುವ ಹೊರಹೊದಿಕೆಯನ್ನು ಸುತ್ತ ಬಿಗಿದುಬಿಡುತ್ತಾರೆ. ಹೊದಿಕೆ ತಳದ ಅರ್ಧಕ್ಕೆ ಮಾತ್ರ ಸಾಕು. ಮರಿಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೇಲ್ಭಾಗದಿಂದ, ಅದೂ ತುಂಬಿದ ಮೀನಿನ ರಾಶಿಯ ಮುಂದಿರುವ ಕೆಲವೇ ಸಾಲು ಕಣ್ಣುಗಳಿಂದ. ಲೋಳೆಮೀನೋ ಪ್ಲಾಸ್ಟಿಕ್ ತೊಟ್ಟೆಯೋ ಆ ಸಾಲಿಗೆ ಮೆತ್ತಿಕೊಂಡರೆ ಚೌಕವೂ ಒಂದೇ, ಗೋಣಿಚೀಲವೂ ಒಂದೇ. ಹಾಗಾಗಿ ಎಳೆಯುವ ಅವಧಿ ಉದ್ದವಾದಷ್ಟೂ ಚೌಕದ ಪ್ರಯೋಜನ ಇಳಿಯುತ್ತದೆ. ಬಲೆ ಎತ್ತುವಾಗ ನೀರಿನ ಮೇಲ್ಮೈಗೆ ಬಂದ ಮೇಲೆ ನುಸುಳಿದ ಮರಿ ಬದುಕುವುದೂ ಅನುಮಾನ. ಬೂತಾಯಿಯ ಹುರುಪೆ ಮುಟ್ಟಿದರೆ ಉದುರುತ್ತದೆ, ಹುರುಪೆ ಹೋದ ಮೀನಿಗೆ ಆಯುಸ್ಸಿಲ್ಲ.

ನಷ್ಟದ ಮಾತೂ ಇದೆ, ಮುಚ್ಚಿಡುವುದು ಸರಿಯಲ್ಲ. ಉರುಟು ಮೈಯ ಬಂಗುಡೆ, ಮದಿಮಾಲ್ ಮರಿಗಳಿಗೆ ಚೌಕ ಹೇಳಿ ಮಾಡಿಸಿದ್ದು. ಚಪ್ಪಟೆ ಮೈಯ ನಂಗು, ಮಾಂಜಿ ಮರಿಗಳಿಗೆ ಅಗಲ ತೆರೆದ ವಜ್ರವೇ ಮೇಲು. ಕೊಲ್ಲತರು ಮೀನು, ಕರಿಕ್ಕಾಡಿ ಸಿಗಡಿ ಬೆಳೆದೂ ಸಣ್ಣವೇ, ಹಾಗಾಗಿ ಮಾರುವಂಥ ಮಾಲೂ ಕಣ್ಣಿನಿಂದ ಜಾರುತ್ತದೆ. ಹತ್ತಿರದ ಕಡಲಲ್ಲಿ ದಿನದ ಮೀನುಗಾರಿಕೆ ಮಾಡಿ ಸಿಗಡಿಯನ್ನೇ ನಂಬಿದ ಸಣ್ಣ ಬೋಟಿಗೂ ವಾರಗಟ್ಟಲೆ ಆಳಸಮುದ್ರದಲ್ಲಿರುವ ಬೋಟಿಗೂ ಒಂದೇ ಕಣ್ಣು ಹೇಳುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಆಳಸಮುದ್ರದ ಬೋಟಿಗೆ ಮಾತ್ರ ನೆಪ ಸಿಗುವುದಿಲ್ಲ. ಅದರ ಮರಿಮೀನು ಹೋಗುವುದು ಊಟದ ತಟ್ಟೆಗಲ್ಲ, ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ, ಸಿಗುವುದೂ ಪುಡಿಗಾಸು. ಮೀನಿನ ಉದ್ದ ಇಮ್ಮಡಿಯಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. 10 ಸೆಂ.ಮೀ. ಬಂಗುಡೆ ಹತ್ತು ಗ್ರಾಂ ಆಸುಪಾಸು, 20 ಸೆಂ.ಮೀ. ಆದರೆ ಎಂಬತ್ತರ ಮೇಲೆ. ಕೇರಳದಲ್ಲಿ ಬಂಗುಡೆಗೆ 14, ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಅಳತೆ ಗೊತ್ತುಮಾಡಿದ್ದು ಈ ಲೆಕ್ಕದ ಬೆನ್ನಿಗೇ. ‘ನಾನು ಬಿಟ್ಟದ್ದನ್ನು ಪಕ್ಕದ ಬೋಟಿನವ ಹಿಡಿಯುತ್ತಾನೆ’ ಎಂಬ ತಾಂಡೇಲರ (ಬೋಟ್ ನಡೆಸುವವರ) ಮಾತು ನಿಜವೇ. ಅದಕ್ಕೆ ಉತ್ತರ ಒಂದು ಬೋಟಿನ ಬಲೆಯಲ್ಲಿಲ್ಲ, ದಕ್ಕೆಯಲ್ಲಿ ಎಲ್ಲ ಬೋಟ್‌ಗಳ ಚೀಲವನ್ನೂ ಅಳೆಯುವುದರಲ್ಲಿದೆ.

ಅಳೆಯುವುದು ಕಷ್ಟವೇನಲ್ಲ. ಬಲೆ ಒದ್ದೆಯಾಗಿರಬೇಕು. ಚೀಲದ ಮೇಲ್ಭಾಗದಲ್ಲಿ, ಹೊಲಿಗೆಯಿಂದ ದೂರ, ಒಂದು ಸಾಲಿನ 10 ಚೌಕಗಳನ್ನು ಎಳೆದು ಹಿಡಿದು ಗಂಟಿನ ನಡುವಿನಿಂದ ಗಂಟಿನ ನಡುವಿಗೆ ಅಳೆದರೆ 175 ಮಿ.ಮೀ. ಬರಬೇಕು. ಅಡ್ಡಕ್ಕೂ ಹಾಗೆಯೇ ಅಳೆಯಿರಿ. ಒಟ್ಟು ಅಳತೆ ಸರಿಯಿದ್ದೂ ಒಂದೊಂದೇ ಕಣ್ಣು ನೋಡಿದಾಗ 12, 22, 14 ಎಂದು ಹೊಯ್ದಾಡುತ್ತಿದ್ದರೆ ಗಂಟು ಜಾರಿದೆ ಎಂದರ್ಥ. ಆಗಸ್ಟ್‌ನ ಮೊದಲ ಟ್ರಿಪ್ ಮುಗಿಸಿ ಬಂದ ಕೂಡಲೇ ಮತ್ತೊಮ್ಮೆ ಅಳೆದು ನೋಡಿ, ಹೊಸ ಬಲೆಯ ಗಂಟು ಹೆಚ್ಚು ಜಾರುವುದು ಆ ಮೊದಲ ಕೆಲವು ಎಳೆತಗಳಲ್ಲೇ.